12ಎ, 80ಜಿ ಅರ್ಜಿ ತಿರಸ್ಕೃತವಾದರೆ ಬಸದಿ ಟ್ರಸ್ಟ್‌ಗಳು ಏನು ಮಾಡಬೇಕು?

ಜೈನ ಸಮಾಜದ ಬಸದಿ ಟ್ರಸ್ಟ್, ವಿದ್ಯಾರ್ಥಿ ನಿಲಯ, ಪಾಠಶಾಲೆ, ಗೋಶಾಲೆ, ಔಷಧಾಲಯಗಳಲ್ಲಿ ಬಹುಪಾಲು ಆದಾಯ ತೆರಿಗೆ ಇಲಾಖೆಯ 12ಎ ನೋಂದಣಿಯನ್ನು ಹೊಂದಿವೆ. ಹಿಂದೆ ಈ ನೋಂದಣಿ ಒಮ್ಮೆ ಸಿಕ್ಕಿದರೆ ಶಾಶ್ವತ ಎಂಬಂತಿತ್ತು. 2021ರ ಏಪ್ರಿಲ್ 1ರಿಂದ ನಿಯಮ ಬದಲಾಯಿತು. ಹಳೆಯ ಸಂಸ್ಥೆಗಳೆಲ್ಲ ಮತ್ತೆ ಅರ್ಜಿ ಹಾಕಿ ಐದು ವರ್ಷದ ನೋಂದಣಿ ಪಡೆದವು. ಆ ಅವಧಿಯ ಕೊನೆಯ ದಿನ 2026ರ ಮಾರ್ಚ್ 31. ನವೀಕರಣದ ಅರ್ಜಿಯನ್ನು ಆರು ತಿಂಗಳು ಮುಂಚೆ, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ ಹಾಕಬೇಕಿತ್ತು. ಆ ಅರ್ಜಿಗಳ ಮೇಲಿನ ಆದೇಶಗಳಿಗೆ 2026ರ ಮಾರ್ಚ್ ಕೊನೆಯೇ ಗಡುವು.

ಕೆಲವು ಸಂಸ್ಥೆಗಳಿಗೆ ನೋಂದಣಿ ಪತ್ರ ಬರುತ್ತದೆ. ಕೆಲವಕ್ಕೆ ‘ಅರ್ಜಿ ತಿರಸ್ಕರಿಸಲಾಗಿದೆ’ ಎಂಬ ಆದೇಶ ಬರುತ್ತದೆ. ಇಂಥ ಆದೇಶ ಬಂದಾಗ ಆಡಳಿತ ಮಂಡಳಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನಡವಳಿಕೆ ಕಾಣುತ್ತದೆ. ಒಂದು, ಸಮಾಜದವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಆದೇಶವನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುವುದು. ಇನ್ನೊಂದು, ದೊಡ್ಡವರನ್ನು ಹಿಡಿದು ಹೇಳಿಸಿದರೆ ಸರಿಹೋದೀತು ಎಂದು ಓಡಾಡುವುದು. ಎರಡರಿಂದಲೂ ಆಗುವುದು ದಿನ ಕಳೆಯುವುದೊಂದೇ. ಈ ವಿಷಯದಲ್ಲಿ ದಿನವೇ ಮುಖ್ಯ. ತಿರಸ್ಕಾರ ಕೊನೆಯ ಮಾತಲ್ಲ, ಅದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ಆದರೆ ಆ ದಾರಿಗೆ ಗಡುವೂ ಇದೆ.

ಎರಡು ನೋಂದಣಿ, ಎರಡು ಬೇರೆ ಕೆಲಸ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. 12ಎ ನೋಂದಣಿ (ಈಗಿನ ಆದೇಶ 12ಎಬಿ ಸೆಕ್ಷನ್ ಅಡಿಯಲ್ಲಿ ಬರುತ್ತದೆ) ಸಂಸ್ಥೆಯ ಆದಾಯಕ್ಕೆ ಸಂಬಂಧಿಸಿದ್ದು. ಬಾಡಿಗೆ, ಬ್ಯಾಂಕ್ ಬಡ್ಡಿ, ದೇಣಿಗೆ ಇವುಗಳನ್ನು ಧರ್ಮಕಾರ್ಯಕ್ಕೋ ದಾನಕಾರ್ಯಕ್ಕೋ ಬಳಸಿದರೆ ಅದಕ್ಕೆ ಟ್ರಸ್ಟ್ ತೆರಿಗೆ ಕಟ್ಟಬೇಕಾಗಿಲ್ಲ. 80ಜಿ ಅನುಮೋದನೆ ದಾನಿಗೆ ಸಂಬಂಧಿಸಿದ್ದು. ದಾನ ಕೊಟ್ಟವರು ತಮ್ಮ ಆದಾಯದಲ್ಲಿ ಅದಕ್ಕೆ ರಿಯಾಯಿತಿ ಪಡೆಯಬಹುದು.

ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಆದೇಶ. 80ಜಿ ಅರ್ಜಿ ತಿರಸ್ಕೃತವಾದರೆ 12ಎ ಹೋಗುವುದಿಲ್ಲ. ಆದರೆ 12ಎ ಹೋದರೆ 80ಜಿ ನಿಲ್ಲುವುದಿಲ್ಲ, ಏಕೆಂದರೆ ಅದು ಇದರ ಮೇಲೆಯೇ ನಿಂತಿದೆ. ಆದ್ದರಿಂದ ಆದೇಶ ಕೈಗೆ ಬಂದ ಕೂಡಲೇ ನೋಡಬೇಕಾದ ಮೊದಲ ವಿಷಯ, ತಿರಸ್ಕೃತವಾದದ್ದು ಯಾವುದು ಎಂಬುದು.

ಎರಡನೆಯ ವಿಷಯ, ಆದೇಶದ ಕೊನೆಯ ಸಾಲು. ಕೆಲವು ಆದೇಶಗಳಲ್ಲಿ ‘ಅರ್ಜಿ ತಿರಸ್ಕರಿಸಿದೆ’ ಎಂದಷ್ಟೇ ಇರುತ್ತದೆ. ನವೀಕರಣದ ಅರ್ಜಿ ಅಥವಾ ತಾತ್ಕಾಲಿಕ ನೋಂದಣಿಯನ್ನು ಖಾಯಂ ಮಾಡಿಸುವ ಅರ್ಜಿಯಾದರೆ ‘ಇರುವ ನೋಂದಣಿಯನ್ನೂ ರದ್ದು ಮಾಡಿದೆ’ ಎಂಬ ಮಾತೂ ಇರುತ್ತದೆ. ಈ ಎರಡನೆಯ ಮಾತಿನ ತೂಕ ಹೆಚ್ಚು.

ಸುಮ್ಮನಿದ್ದರೆ ಏನಾಗುತ್ತದೆ?

ಒಂದು ಊರಿನ ಟ್ರಸ್ಟ್ ಎಂದಿಟ್ಟುಕೊಳ್ಳೋಣ. ಹಳೆಯ ಬಸದಿ, ಪಕ್ಕದಲ್ಲಿ ನಲವತ್ತು ಹುಡುಗರ ವಿದ್ಯಾರ್ಥಿ ನಿಲಯ, ರಸ್ತೆಗೆ ಮುಖ ಮಾಡಿದ ಆರು ಮಳಿಗೆಗಳ ಬಾಡಿಗೆ, ಹತ್ತು ವರ್ಷದ ಹಿಂದೆ ಸಮಾಜದವರೆಲ್ಲ ಕೂಡಿ ಕೊಂಡ ಒಂದು ನಿವೇಶನ. ನೋಂದಣಿ ಇಲ್ಲವಾದರೆ 11 ಮತ್ತು 12ನೇ ಸೆಕ್ಷನ್‌ಗಳ ವಿನಾಯಿತಿ ಈ ಟ್ರಸ್ಟ್‌ಗೆ ಸಿಗುವುದಿಲ್ಲ. ಬಾಡಿಗೆ, ಬಡ್ಡಿಯ ಜೊತೆಗೆ ದೇಣಿಗೆಯೂ ಆದಾಯದ ಲೆಕ್ಕಕ್ಕೆ ಬರುತ್ತದೆ. ಮೂಲಧನಕ್ಕೆಂದು ಕೊಟ್ಟ ದೇಣಿಗೆಗೂ ರಕ್ಷಣೆ ಇರುವುದಿಲ್ಲ.

ಇಷ್ಟೇ ಆಗಿದ್ದರೆ ಒಂದು ವರ್ಷದ ತೆರಿಗೆ ಕಟ್ಟಿ ಮುಂದೆ ನೋಡೋಣ ಎನ್ನಬಹುದಿತ್ತು. ನೋಂದಣಿ ರದ್ದಾದಾಗ 115ಟಿಡಿ ಎಂಬ ಇನ್ನೊಂದು ಸೆಕ್ಷನ್ ಬರುತ್ತದೆ. ಇದರ ಪ್ರಕಾರ ಟ್ರಸ್ಟ್‌ನ ಆಸ್ತಿಗಳ ಮಾರುಕಟ್ಟೆ ಬೆಲೆಯಿಂದ ಸಾಲ ಬಾಕಿಗಳನ್ನು ಕಳೆದು, ಉಳಿದದ್ದರ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ವಿಧಿಸುತ್ತಾರೆ. ಕೃಷಿ ಆದಾಯದಿಂದ ನೇರವಾಗಿ ಕೊಂಡ ಆಸ್ತಿ, ವಿನಾಯಿತಿ ಪಡೆಯುವ ಮೊದಲೇ ಬಂದಿದ್ದ ಆಸ್ತಿ ಇಂಥ ಕೆಲವನ್ನು ಬಿಟ್ಟಿದ್ದಾರೆ. ಆದರೆ ಮೇಲೆ ಹೇಳಿದ ನಿವೇಶನ, ದೇಣಿಗೆಯಿಂದ ಕಟ್ಟಿದ ಕಟ್ಟಡ, ಬ್ಯಾಂಕಿನ ಠೇವಣಿ ಲೆಕ್ಕಕ್ಕೆ ಬರುತ್ತವೆ. ಕೊಂಡ ಬೆಲೆಯಲ್ಲ, ಇಂದಿನ ಬೆಲೆ. ಮಾರದ ಆಸ್ತಿಗೆ ತೆರಿಗೆ ಕಟ್ಟಲು ಅದೇ ಆಸ್ತಿಯನ್ನು ಮಾರಬೇಕಾದ ಸ್ಥಿತಿ ಬರಬಹುದು. ತಲೆಮಾರುಗಳ ದಾನ ಹೀಗೆ ಕರಗಬಾರದು.

ಈ ತೆರಿಗೆ ಯಾವಾಗ ಕಟ್ಟಬೇಕು ಎಂಬುದನ್ನೂ ಕಾಯ್ದೆ ಹೇಳಿದೆ. ರದ್ದತಿಯ ವಿರುದ್ಧ ಮೇಲ್ಮನವಿ ಹಾಕುವ ಅವಧಿ ಮೇಲ್ಮನವಿ ಇಲ್ಲದೆ ಮುಗಿದರೆ ಅಲ್ಲಿಂದ 14 ದಿನ. ಮೇಲ್ಮನವಿ ಹಾಕಿ ರದ್ದತಿಯೇ ಖಾಯಂ ಆದರೆ ಆ ಆದೇಶ ಕೈಸೇರಿದ ದಿನದಿಂದ 14 ದಿನ. ಅಂದರೆ ಸಮಯಕ್ಕೆ ಸರಿಯಾಗಿ ಹಾಕಿದ ಮೇಲ್ಮನವಿ ಟ್ರಸ್ಟ್‌ನ ಆಸ್ತಿಗೆ ಬೇಲಿ ಇದ್ದಂತೆ. ಆದೇಶವನ್ನು ಕಪಾಟಿನಲ್ಲಿಟ್ಟವರು ಆ ಬೇಲಿಯನ್ನು ತಾವೇ ಕಿತ್ತಂತೆ.

ಮೊದಲ ವಾರದ ಕೆಲಸ

1. ಆದೇಶ ಯಾವ ದಿನ ತಲುಪಿತು ಎಂದು ಬರೆದಿಡಬೇಕು. ಈಗ ಆದೇಶಗಳು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಮತ್ತು ಇ-ಮೇಲ್‌ನಲ್ಲಿ ಬರುತ್ತವೆ. ಇ-ಮೇಲ್ ಬಂದ ದಿನದ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು.

2. ಪೋರ್ಟಲ್‌ಗೆ ಹೋಗಿ ಹಾಕಿದ ಅರ್ಜಿ, ಬಂದ ಎಲ್ಲ ನೋಟಿಸ್, ಕೊಟ್ಟ ಉತ್ತರ, ಸ್ವೀಕೃತಿ ಇವನ್ನೆಲ್ಲ ಇಳಿಸಿಕೊಂಡು ದಿನಾಂಕದ ಕ್ರಮದಲ್ಲಿ ಜೋಡಿಸಬೇಕು.

3. ಆಡಳಿತ ಮಂಡಳಿಯ ಸಭೆ ಕರೆದು, ಆದೇಶವನ್ನು ಪೂರ್ತಿ ಓದಿ ಹೇಳಿ, ಮುಂದಿನ ಕ್ರಮಕ್ಕೆ ಒಬ್ಬರಿಗೆ ಅಧಿಕಾರ ಕೊಡುವ ಠರಾವು ಮಾಡಬೇಕು. ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿ ಇರಲಿ.

4. ಟ್ರಸ್ಟ್ ವ್ಯವಹಾರ ಬಲ್ಲ ಲೆಕ್ಕಪರಿಶೋಧಕರನ್ನೋ ವಕೀಲರನ್ನೋ ಕಾಣಬೇಕು. ಅಂಗಡಿಯ ಜಿಎಸ್‌ಟಿ ಮಾಡುವ ಆಡಿಟರ್ ಒಳ್ಳೆಯವರೇ ಇರಬಹುದು. ಆದರೂ ಟ್ರಸ್ಟ್ ಕಾನೂನು ಬೇರೆ.

5. ತಿರಸ್ಕೃತವಾದದ್ದು 80ಜಿ ಆಗಿದ್ದರೆ, ಅಥವಾ 12ಎ ಹೋಗಿ ಅದರೊಡನೆ 80ಜಿ ಕೂಡ ಬಿದ್ದಿದ್ದರೆ, ರಸೀದಿ ಪುಸ್ತಕದ ವಿಷಯವನ್ನು ಅಂದೇ ತೀರ್ಮಾನಿಸಬೇಕು. ಇದರ ಬಗ್ಗೆ ಮುಂದೆ ಹೇಳಿದೆ.

ಕಾರಣ ಯಾವುದೆಂದು ನೋಡಿ ದಾರಿ ಹಿಡಿಯಬೇಕು

ತಿರಸ್ಕಾರದ ಆದೇಶ ಓದುವಾಗ ‘ಯಾಕೆ’ ಎಂಬ ಒಂದೇ ಪ್ರಶ್ನೆ ಇಟ್ಟುಕೊಳ್ಳಬೇಕು. ಕಾಯ್ದೆಯ ಪ್ರಕಾರ ಆಯುಕ್ತರು ನೋಡುವುದು ಮುಖ್ಯವಾಗಿ ಮೂರು: ಉದ್ದೇಶಗಳು ಧಾರ್ಮಿಕ ಅಥವಾ ದಾನದ ಉದ್ದೇಶಗಳೇ, ಚಟುವಟಿಕೆ ನಿಜವೇ, ಆ ಉದ್ದೇಶ ಸಾಧನೆಗೆ ಬೇಕಾದ ಇತರ ಕಾಯ್ದೆಗಳನ್ನು ಪಾಲಿಸಿದ್ದಾರೆಯೇ. ಕಾರಣಗಳು ಸಾಮಾನ್ಯವಾಗಿ ನಾಲ್ಕು ಬಗೆ.

ಮೊದಲನೆಯದು, ಉತ್ತರ ಕೊಡದಿರುವುದು. ಐದು ವರ್ಷದ ಹಿಂದೆ ಪೋರ್ಟಲ್‌ನಲ್ಲಿ ಕೊಟ್ಟ ಇ-ಮೇಲ್ ಹಿಂದಿನ ಕಾರ್ಯದರ್ಶಿಯದ್ದು, ಮೊಬೈಲ್ ಸಂಖ್ಯೆ ಹಳೆಯ ಆಡಿಟರ್ ಕಚೇರಿಯದ್ದು. ನೋಟಿಸ್ ಮೂರು ಸಲ ಬಂದರೂ ಟ್ರಸ್ಟ್‌ನವರಿಗೆ ಗೊತ್ತೇ ಆಗುವುದಿಲ್ಲ. ‘ಅರ್ಜಿದಾರರು ದಾಖಲೆ ಸಲ್ಲಿಸಿಲ್ಲ’ ಎಂದು ಅರ್ಜಿ ಬೀಳುತ್ತದೆ. ಇಲ್ಲಿ ಸಂಸ್ಥೆಯ ಕೆಲಸದಲ್ಲಿ ದೋಷವಿಲ್ಲ, ಕಾಗದದಲ್ಲಿ ದೋಷ.

ಎರಡನೆಯದು, ತಪ್ಪು ಅರ್ಜಿ. 10ಎ, 10ಎಬಿ ಎಂಬ ಫಾರಂಗಳಲ್ಲಿ ಯಾವ ಉಪಖಂಡದಡಿ ಅರ್ಜಿ ಎಂದು ಆರಿಸಬೇಕು. ನವೀಕರಣಕ್ಕೆ ಒಂದು, ತಾತ್ಕಾಲಿಕದಿಂದ ಖಾಯಂಗೆ ಒಂದು, ಉದ್ದೇಶ ಬದಲಾದರೆ ಒಂದು. ತಪ್ಪು ಆರಿಸಿದರೆ ‘ಅರ್ಜಿ ಪರಿಗಣನೆಗೆ ಯೋಗ್ಯವಲ್ಲ’ ಎನ್ನುತ್ತಾರೆ. ತಡವಾಗಿ ಹಾಕಿದ ಅರ್ಜಿಯೂ ಇದೇ ಗುಂಪಿನದು. 2024ರ ಅಕ್ಟೋಬರ್ 1ರಿಂದ, ಸಕಾರಣವಿದ್ದರೆ 12ಎ ಅರ್ಜಿಯ ವಿಳಂಬವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗೇ ಬಂದಿದೆ. ಆದ್ದರಿಂದ ತಡವಾದಾಗ ಕಾರಣ ವಿವರಿಸುವ ಮನವಿಯನ್ನೂ ಅರ್ಜಿಯ ಜೊತೆಗೇ ಕೊಡಬೇಕು.

ಮೂರನೆಯದು, ಲೆಕ್ಕ ಮತ್ತು ಚಟುವಟಿಕೆಯ ಪುರಾವೆ ಸಾಲದಿರುವುದು. ‘ವಿದ್ಯಾರ್ಥಿವೇತನ ಕೊಟ್ಟಿದ್ದೇವೆ’ ಎಂದರೆ ಸಾಲದು. ಯಾರಿಗೆ, ಎಷ್ಟು, ಯಾವ ಚೆಕ್ ಸಂಖ್ಯೆ ಎಂಬ ಪಟ್ಟಿ ಬೇಕು. ಮಳಿಗೆಯನ್ನು ಟ್ರಸ್ಟಿಯ ತಮ್ಮನಿಗೆ ಕಡಿಮೆ ಬಾಡಿಗೆಗೆ ಕೊಟ್ಟಿದ್ದರೆ, ಟ್ರಸ್ಟ್‌ನ ಹಣ ಟ್ರಸ್ಟಿಯ ಅಂಗಡಿಯಲ್ಲಿ ಬಡ್ಡಿಯಿಲ್ಲದೆ ಕೂತಿದ್ದರೆ ಅದು 13ನೇ ಸೆಕ್ಷನ್‌ಗೆ ನೇರವಾಗಿ ಸಿಕ್ಕಿಬೀಳುತ್ತದೆ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಹೊಂದಾಣಿಕೆ ಎಂಬುದು ಇಲಾಖೆಯ ಮುಂದೆ ಉತ್ತರವಾಗದು. ಇಂಥದ್ದಿದ್ದರೆ ಮೊದಲು ಅದನ್ನು ಸರಿಪಡಿಸಿ, ಸರಿಪಡಿಸಿದ ದಾಖಲೆಯೊಂದಿಗೆ ಹೋಗಬೇಕು.

ನಾಲ್ಕನೆಯದು, ‘ಈ ಸಂಸ್ಥೆ ಒಂದು ಧರ್ಮದವರಿಗೆ ಮಾತ್ರ ಮೀಸಲು’ ಎಂಬ ಕಾರಣ. ಜೈನ ಸಂಸ್ಥೆಗಳಿಗೆ ಹೆಚ್ಚು ನೋವು ಕೊಡುವ ಕಾರಣ ಇದು. ಹೆಚ್ಚು ತಪ್ಪಾಗಿ ಅರ್ಥವಾಗಿರುವುದೂ ಇದೇ.

ಜೈನರಿಗೆ ಮಾತ್ರ ಎಂದು ಬರೆದಿದ್ದರೆ?

ಆದಾಯ ತೆರಿಗೆ ಕಾಯ್ದೆ ಧರ್ಮಕಾರ್ಯವನ್ನೂ ದಾನಕಾರ್ಯವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಬಸದಿಯ ನಿತ್ಯಪೂಜೆ, ಅಭಿಷೇಕ, ಪಂಚಕಲ್ಯಾಣ, ಮುನಿಗಳ ಚಾತುರ್ಮಾಸ, ತ್ಯಾಗಿ ನಿವಾಸ ಇವು ಧರ್ಮಕಾರ್ಯ. ಶಾಲೆ, ಆಸ್ಪತ್ರೆ, ಬಡವರ ನೆರವು, ಗೋಶಾಲೆ ಇವು ದಾನಕಾರ್ಯ. ಚತುರ್ವಿಧ ದಾನದ ಲೆಕ್ಕದಲ್ಲಿ ಶ್ರಾವಕನಿಗೆ ಆಹಾರ, ಔಷಧ, ಶಾಸ್ತ್ರ, ಅಭಯ ನಾಲ್ಕೂ ಒಂದೇ ಪುಣ್ಯದ ಕೆಲಸ. ತೆರಿಗೆಯ ಲೆಕ್ಕದಲ್ಲಿ ಮುನಿಗಳ ಆಹಾರದ ವ್ಯವಸ್ಥೆ ಒಂದು ಖಾತೆ, ಊರಿನ ಬಡವರ ಅನ್ನದಾನ ಇನ್ನೊಂದು ಖಾತೆ.

13(1)(ಬಿ) ಸೆಕ್ಷನ್ ಹೇಳುವುದಿಷ್ಟು: 1961ರ ಕಾಯ್ದೆ ಬಂದ ಮೇಲೆ ಹುಟ್ಟಿದ ದಾನ ಸಂಸ್ಥೆ ಒಂದೇ ಧಾರ್ಮಿಕ ಸಮುದಾಯ ಅಥವಾ ಜಾತಿಯ ಪ್ರಯೋಜನಕ್ಕಾಗಿ ಇದ್ದರೆ ವಿನಾಯಿತಿ ಇಲ್ಲ. ಇದು ದಾನ ಸಂಸ್ಥೆಗೆ ಹೇಳಿದ ಮಾತು. ಕೇವಲ ಪೂಜೆ, ಉತ್ಸವಗಳಿಗಾಗಿ ಇರುವ ಸಾರ್ವಜನಿಕ ಬಸದಿ ಟ್ರಸ್ಟ್‌ಗೆ ಇದು ಅನ್ವಯಿಸುವುದಿಲ್ಲ. ಬಸದಿ ಜೈನರದ್ದೇ ಆಗಿದ್ದರೂ 12ಎ ನೋಂದಣಿಗೆ ಅದು ಅಡ್ಡಿಯಲ್ಲ. ಆದೇಶದಲ್ಲಿ ಇಂಥ ಟ್ರಸ್ಟ್‌ಗೆ ಈ ಸೆಕ್ಷನ್ ಹಚ್ಚಿದ್ದರೆ ಅದು ಮೇಲ್ಮನವಿಗೆ ಗಟ್ಟಿಯಾದ ಅಂಶ.

ಪೂಜೆಯೂ ಇದೆ, ವಿದ್ಯಾರ್ಥಿ ನಿಲಯವೂ ಇದೆ ಎಂಬ ಮಿಶ್ರ ಟ್ರಸ್ಟ್‌ಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ದಾವೂದಿ ಬೊಹ್ರಾ ಜಮಾತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಇದನ್ನು ವಿಚಾರಿಸಿತು. ಧಾರ್ಮಿಕ ಮತ್ತು ದಾನ ಎರಡೂ ಉದ್ದೇಶವಿರುವ ಸಂಸ್ಥೆಗೂ 13(1)(ಬಿ) ಪರೀಕ್ಷೆ ಇದೆ, ಆದರೆ ಅದರ ದಾನಕಾರ್ಯದ ಪ್ರಯೋಜನ ಒಂದೇ ಸಮುದಾಯಕ್ಕೆ ಸೀಮಿತವಾಗಿರದಿದ್ದರೆ ಆ ಸೆಕ್ಷನ್ ತಡೆಯಾಗದು ಎಂಬುದು ಅದರ ಸಾರ. ಆದ್ದರಿಂದ ಮಿಶ್ರ ಟ್ರಸ್ಟ್‌ನವರು ತೋರಿಸಬೇಕಾದದ್ದು, ನಿಲಯದಲ್ಲಿ, ಔಷಧಾಲಯದಲ್ಲಿ, ವಿದ್ಯಾರ್ಥಿವೇತನದಲ್ಲಿ ಬೇರೆಯವರಿಗೂ ಅವಕಾಶ ಇದೆ ಎಂಬುದನ್ನು. ಪ್ರವೇಶ ಪುಸ್ತಕದಲ್ಲಿ ಬೇರೆ ಸಮುದಾಯದ ಹುಡುಗರ ಹೆಸರಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎಷ್ಟೋ ನಿಲಯಗಳಲ್ಲಿ ಹಿಂದಿನಿಂದಲೂ ಎಲ್ಲರಿಗೂ ಊಟ, ವಸತಿ ಕೊಡುತ್ತಿರುತ್ತಾರೆ. ಟ್ರಸ್ಟ್ ಪತ್ರದಲ್ಲಿ ಮಾತ್ರ ‘ಜೈನ ವಿದ್ಯಾರ್ಥಿಗಳಿಗಾಗಿ’ ಎಂದು ಬರೆದುಬಿಟ್ಟಿರುತ್ತಾರೆ.

80ಜಿಯಲ್ಲಿ ನಿಯಮ ಇನ್ನಷ್ಟು ಬಿಗಿ. ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಧಾರ್ಮಿಕ ಉದ್ದೇಶದ ಸಂಸ್ಥೆಗೆ 80ಜಿ ಸಿಗುವುದಿಲ್ಲ. ದಾನ ಸಂಸ್ಥೆ ಧಾರ್ಮಿಕ ಕಾರ್ಯಕ್ಕೆ ವರ್ಷದ ಒಟ್ಟು ಆದಾಯದ ಶೇ. 5ರವರೆಗೆ ಮಾತ್ರ ಖರ್ಚು ಮಾಡಬಹುದು. ಹಾಗಾಗಿ ಬಸದಿ ಟ್ರಸ್ಟ್‌ನ 80ಜಿ ಅರ್ಜಿ ತಿರಸ್ಕೃತವಾದರೆ ಅದರಲ್ಲಿ ಅನ್ಯಾಯ ಹುಡುಕುವ ಮೊದಲು ಈ ನಿಯಮ ನೋಡಬೇಕು. ಅಲ್ಲಿ ಮೇಲ್ಮನವಿಗೆ ಖರ್ಚು ಮಾಡುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗಬಹುದು. ಐತಿಹಾಸಿಕ, ಪುರಾತತ್ವ ಅಥವಾ ಕಲಾ ಮಹತ್ವದ ದೇವಾಲಯವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದರೆ ಅದರ ಜೀರ್ಣೋದ್ಧಾರದ ದೇಣಿಗೆಗೆ 80ಜಿಯಲ್ಲಿ ಬೇರೆ ಅವಕಾಶ ಇದೆ. ಹಳೆಯ ಬಸದಿಗಳವರು ಇದನ್ನು ಪರಿಶೀಲಿಸಬಹುದು.

ಜೈನರಿಗೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಬಂದಿದೆ. ಆ ಪ್ರಮಾಣಪತ್ರ ಲಗತ್ತಿಸಿದರೆ ತೆರಿಗೆ ವಿನಾಯಿತಿ ಸುಲಭ ಎಂದು ಕೆಲವರು ತಿಳಿದಿದ್ದಾರೆ. ಅದು ಬೇರೆ ವಿಷಯ. 13(1)(ಬಿ)ಗಾಗಲಿ 80ಜಿಗಾಗಲಿ ಅದರಿಂದ ಸಡಿಲಿಕೆ ಇಲ್ಲ.

ಮೇಲ್ಮನವಿ ಎಲ್ಲಿ, ಹೇಗೆ?

12ಎಬಿ ಮತ್ತು 80ಜಿ ತಿರಸ್ಕಾರಗಳ ವಿರುದ್ಧ 253ನೇ ಸೆಕ್ಷನ್ ಪ್ರಕಾರ ನೇರವಾಗಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ನಡುವೆ ಬೇರೆ ಅಧಿಕಾರಿ ಇಲ್ಲ. ಕರ್ನಾಟಕಕ್ಕೆ ಬೆಂಗಳೂರು ಪೀಠ ಇದೆ. ಬೆಳಗಾವಿ ಕಡೆಯ ಪ್ರಕರಣಗಳು ಪಣಜಿ ಪೀಠಕ್ಕೆ ಹೋಗುತ್ತವೆ.

ಗಡುವು: ಮೊದಲು ಆದೇಶ ತಲುಪಿದ ದಿನದಿಂದ 60 ದಿನ ಇತ್ತು. 2024ರ ಅಕ್ಟೋಬರ್ 1ರಿಂದ, ಆದೇಶ ತಲುಪಿದ ತಿಂಗಳ ಕೊನೆಯಿಂದ ಎರಡು ತಿಂಗಳು ಎಂದು ಬದಲಾಗಿದೆ. ಹಳೆಯ 60 ದಿನವನ್ನೇ ಗಡುವು ಎಂದುಕೊಂಡು ಕೆಲಸ ಮಾಡುವುದು ಕ್ಷೇಮ.

ಶುಲ್ಕ: ಇಂಥ ಮೇಲ್ಮನವಿಗೆ 500 ರೂಪಾಯಿ. ವಕೀಲರ ಫೀಸು ಬೇರೆ. ಮೇಲ್ಮನವಿ ಫಾರಂ 36ರಲ್ಲಿ, ಆದೇಶದ ಪ್ರತಿ ಮತ್ತು ಆಕ್ಷೇಪಣೆಯ ಅಂಶಗಳೊಂದಿಗೆ ಸಲ್ಲಿಕೆಯಾಗಬೇಕು.

ಆಕ್ಷೇಪಣೆಯ ಅಂಶಗಳನ್ನು ಬರೆಯುವಾಗ ಕೋಪ ಬೇಡ, ದಿನಾಂಕ ಬೇಕು. ‘ಅನ್ಯಾಯವಾಗಿದೆ’ ಎಂಬ ಹತ್ತು ಸಾಲಿಗಿಂತ, ಯಾವ ದಿನ ನೋಟಿಸ್ ಬಂತು, ಉತ್ತರಕ್ಕೆ ಎಷ್ಟು ದಿನ ಕೊಟ್ಟರು, ಯಾವ ದಿನ ಉತ್ತರ ಹೋಯಿತು ಎಂಬ ಮೂರು ಸಾಲು ಹೆಚ್ಚು ಕೆಲಸ ಮಾಡುತ್ತದೆ. ತಿರಸ್ಕರಿಸುವ ಮೊದಲು ಅರ್ಜಿದಾರರ ಮಾತು ಕೇಳಲು ಸಾಕಷ್ಟು ಅವಕಾಶ ಕೊಡಬೇಕೆಂದು ಕಾಯ್ದೆಯೇ ಹೇಳಿದೆ. ಆ ಅವಕಾಶ ಸಿಗದಿದ್ದರೆ ಅದನ್ನೇ ಮೊದಲ ಅಂಶವಾಗಿ ಹಾಕಬೇಕು.

ಹೊಸ ಟ್ರಸ್ಟ್‌ಗಳಿಗೆ ಇನ್ನೊಂದು ಆಧಾರ ಇದೆ. ಆನಂದ ಸೋಶಿಯಲ್ ಅಂಡ್ ಎಜುಕೇಷನಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನಂತೆ, ಹೊಸದಾಗಿ ಹುಟ್ಟಿದ ಟ್ರಸ್ಟ್‌ನ ನೋಂದಣಿಯ ಹಂತದಲ್ಲಿ ‘ಚಟುವಟಿಕೆ’ ಎಂದರೆ ಮುಂದೆ ಮಾಡಲಿರುವ ಚಟುವಟಿಕೆಯೂ ಸೇರುತ್ತದೆ. ಹಳೆಯ ಕಾಯ್ದೆಯ ಸೆಕ್ಷನ್ ಮೇಲಿನ ತೀರ್ಪಾದರೂ ಹೊಸ ಟ್ರಸ್ಟ್‌ಗಳು ಅದನ್ನು ಮುಂದಿಡಬಹುದು.

ಆಯುಕ್ತರ ಮುಂದೆ ಕೊಡಲಾಗದ ದಾಖಲೆಗಳಿದ್ದರೆ ಹೆಚ್ಚುವರಿ ಸಾಕ್ಷ್ಯವಾಗಿ ಸ್ವೀಕರಿಸುವಂತೆ ನ್ಯಾಯಮಂಡಳಿಗೆ ಪ್ರತ್ಯೇಕ ಮನವಿ ಹಾಕಬೇಕು. ಗಡುವು ಮೀರಿದ್ದರೆ ವಿಳಂಬ ಮನ್ನಾಕ್ಕೆ ಪ್ರಮಾಣಪತ್ರ ಸಹಿತ ಮನವಿ ಕೊಡಬಹುದು. ಕಾರ್ಯದರ್ಶಿಯ ಕಾಯಿಲೆ, ಇ-ಮೇಲ್ ಬೇರೆಯವರ ಬಳಿ ಇದ್ದದ್ದು, ಇಂಥ ಕಾರಣಗಳನ್ನು ದಾಖಲೆಯೊಂದಿಗೆ, ಇದ್ದದ್ದು ಇದ್ದಂತೆ ಹೇಳಬೇಕು. ಮನ್ನಾ ಸಿಗಬಹುದು, ಆದರೆ ಅದು ಹಕ್ಕಲ್ಲ.

ನೋಟಿಸ್‌ಗೆ ಉತ್ತರ ಹೋಗದೆ ಬಿದ್ದ ಅರ್ಜಿಗಳನ್ನು ನ್ಯಾಯಮಂಡಳಿ ಅನೇಕ ಸಲ ‘ಮತ್ತೆ ವಿಚಾರಿಸಿ’ ಎಂದು ಆಯುಕ್ತರಿಗೇ ಹಿಂದಿರುಗಿಸುತ್ತದೆ. ಇಲ್ಲಿ ಗೆದ್ದೆವೆಂದು ಸಿಹಿ ಹಂಚಿ ಮರೆತುಬಿಡಬಾರದು. ಎರಡನೆಯ ಸುತ್ತಿನ ನೋಟಿಸ್ ಮತ್ತೆ ಅದೇ ಪೋರ್ಟಲ್‌ಗೆ ಬರುತ್ತದೆ. ಇ-ಮೇಲ್ ಬದಲಾಯಿಸದಿದ್ದರೆ ಮತ್ತೆ ಅದೇ ಕಥೆ. ನ್ಯಾಯಮಂಡಳಿಯಲ್ಲೂ ಸೋತರೆ, ಕಾನೂನಿನ ಮಹತ್ವದ ಪ್ರಶ್ನೆ ಇದ್ದಲ್ಲಿ ಹೈಕೋರ್ಟ್‌ಗೆ 120 ದಿನದೊಳಗೆ ಹೋಗಬಹುದು.

ಮೇಲ್ಮನವಿಯಲ್ಲದೆ ಬೇರೆ ದಾರಿ

ಆದೇಶದಲ್ಲಿ ಕಣ್ಣಿಗೆ ಕಾಣುವ ತಪ್ಪಿದ್ದರೆ, ಉದಾಹರಣೆಗೆ ಉತ್ತರದ ಸ್ವೀಕೃತಿ ಪೋರ್ಟಲ್‌ನಲ್ಲೇ ಇದ್ದರೂ ‘ಉತ್ತರ ಬಂದಿಲ್ಲ’ ಎಂದಿದ್ದರೆ, 154ನೇ ಸೆಕ್ಷನ್ ಅಡಿಯಲ್ಲಿ ಅದೇ ಆಯುಕ್ತರಿಗೆ ತಿದ್ದುಪಡಿ ಅರ್ಜಿ ಕೊಡಬಹುದು. ಆದರೆ ಈ ಅರ್ಜಿ ಹಾಕಿದ್ದೇವೆಂದು ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ. ಎರಡನ್ನೂ ನಡೆಸಬೇಕು.

ಮತ್ತೆ ಹೊಸ ಅರ್ಜಿ ಹಾಕಬಹುದೇ ಎಂಬುದು ಎಲ್ಲರ ಪ್ರಶ್ನೆ. ಚಟುವಟಿಕೆ ಶುರುವಾಗಿದ್ದು, ಈವರೆಗೆ ತೆರಿಗೆ ವಿನಾಯಿತಿ ಪಡೆದೇ ಇಲ್ಲದ ಸಂಸ್ಥೆ ನೇರವಾಗಿ ಖಾಯಂ ನೋಂದಣಿಗೆ ಅರ್ಜಿ ಹಾಕುವ ದಾರಿ ಇದೆ. ವರ್ಷಗಟ್ಟಲೆ ವಿನಾಯಿತಿ ಪಡೆದ ಹಳೆಯ ಟ್ರಸ್ಟ್‌ಗೆ ಆ ದಾರಿ ಇಲ್ಲ. ಹಳೆಯ ಟ್ರಸ್ಟ್‌ಗಳು ‘ಮತ್ತೊಂದು ಅರ್ಜಿ ಹಾಕಿದರಾಯಿತು’ ಎಂದು ಮೇಲ್ಮನವಿಯ ಗಡುವು ಬಿಡಬಾರದು.

ಟ್ರಸ್ಟ್ ಪತ್ರದ ಭಾಷೆಯೇ ಅಡ್ಡಿಯಾಗಿದ್ದರೆ ಅದನ್ನು ತಿದ್ದಬೇಕು. ಸಂಘವಾಗಿ ನೋಂದಾಯಿಸಿದ್ದರೆ ಸರ್ವಸಾಧಾರಣ ಸಭೆಯಲ್ಲಿ ಠರಾವು ಮಾಡಿ ಸಂಘಗಳ ನೋಂದಣಾಧಿಕಾರಿಗಳಲ್ಲಿ ದಾಖಲಿಸಬೇಕು. ಟ್ರಸ್ಟ್ ಆಗಿದ್ದರೆ, ಪತ್ರದಲ್ಲೇ ತಿದ್ದುಪಡಿಯ ಅಧಿಕಾರ ಇದೆಯೇ ನೋಡಬೇಕು. ಇಲ್ಲದಿದ್ದರೆ ಟ್ರಸ್ಟಿಗಳು ತಾವೇ ಬದಲಾಯಿಸುವಂತಿಲ್ಲ, ನ್ಯಾಯಾಲಯಕ್ಕೆ ಹೋಗಬೇಕಾಗಬಹುದು. ಉದ್ದೇಶಗಳನ್ನು ಬದಲಾಯಿಸಿ, ಅವು ನೋಂದಣಿಯ ಷರತ್ತಿಗೆ ಹೊಂದದಿದ್ದರೆ ಬದಲಾದ 30 ದಿನದೊಳಗೆ ಇಲಾಖೆಗೆ ಮತ್ತೆ ಅರ್ಜಿ ಹಾಕಬೇಕೆಂಬ ನಿಯಮವನ್ನೂ ಮರೆಯಬಾರದು.

ಕೆಲವು ಕಡೆ ಎರಡು ಟ್ರಸ್ಟ್ ಮಾಡುವ ಪದ್ಧತಿ ಇದೆ. ಬಸದಿ, ಪೂಜೆ, ಉತ್ಸವಗಳಿಗೆ ಒಂದು. ಅದಕ್ಕೆ 12ಎ ಮಾತ್ರ ಸಾಕು. ವಿದ್ಯೆ, ಔಷಧ, ಅನ್ನದಾನಕ್ಕೆ ಎಲ್ಲ ಸಮುದಾಯದವರಿಗೂ ತೆರೆದ ಇನ್ನೊಂದು. ಅದಕ್ಕೆ 12ಎ ಮತ್ತು 80ಜಿ ಎರಡೂ. ಹೊಸದಾಗಿ ಶುರು ಮಾಡುವವರಿಗೆ ಇದು ಒಳ್ಳೆಯ ವ್ಯವಸ್ಥೆ. ಹಳೆಯ ಟ್ರಸ್ಟ್‌ನ ಆಸ್ತಿಯನ್ನು ಹೊಸದಕ್ಕೆ ಬದಲಾಯಿಸುವುದು ಮಾತ್ರ ಸುಲಭದ ಕೆಲಸವಲ್ಲ. ಸಲಹೆ ಇಲ್ಲದೆ ಕೈ ಹಾಕಬಾರದು.

ತೀರ್ಮಾನ ಆಗುವವರೆಗೆ

80ಜಿ ಇಲ್ಲದ ದಿನದಿಂದ ‘80ಜಿ ರಿಯಾಯಿತಿ ಇದೆ’ ಎಂದು ಮುದ್ರಿಸಿದ ರಸೀದಿ ಕೊಡಬಾರದು. ಹಳೆಯ ಪುಸ್ತಕ ಉಳಿದಿದೆ, ಮುಗಿಸಿಬಿಡೋಣ ಎನ್ನುವುದು ದಾನಿಗೆ ಮೋಸ. ಟ್ರಸ್ಟ್ ಫಾರಂ 10ಬಿಡಿಯಲ್ಲಿ ದಾನಿಗಳ ವಿವರ ಸಲ್ಲಿಸಿ, ಪೋರ್ಟಲ್‌ನಿಂದ 10ಬಿಇ ಪ್ರಮಾಣಪತ್ರ ಕೊಟ್ಟರೆ ಮಾತ್ರ ಈಗ ದಾನಿಗೆ ರಿಯಾಯಿತಿ. ರಸೀದಿ ನಂಬಿ ಕೊಟ್ಟವರಿಗೆ ನಂತರ ಇಲಾಖೆಯಿಂದ ನೋಟಿಸ್ ಹೋಗುತ್ತದೆ. ಸತ್ಯ ಮತ್ತು ಅಚೌರ್ಯ ವ್ರತಗಳ ಮಾತಾಡುವ ಸಂಸ್ಥೆ ‘ಸದ್ಯ 80ಜಿ ಇಲ್ಲ, ಮೇಲ್ಮನವಿ ಹಾಕಿದ್ದೇವೆ’ ಎಂದು ಫಲಕದಲ್ಲಿ ಬರೆದು ಹಾಕುವುದೇ ಸರಿ. ಪುಣ್ಯಕ್ಕಾಗಿ ಕೊಡುವವರು ಆಗಲೂ ಕೊಡುತ್ತಾರೆ.

ಲೆಕ್ಕಪತ್ರ, ಆಡಿಟ್, ರಿಟರ್ನ್ ಯಾವುದನ್ನೂ ನಿಲ್ಲಿಸಬಾರದು. ಹುಂಡಿ ಹಣ, ಸವಾಲಿನ ಹಣ, ನಿಲಯದ ದೇಣಿಗೆ ಇವಕ್ಕೆ ಬೇರೆ ಬೇರೆ ಖಾತೆ ಇರಲಿ. ಹೆಸರಿಲ್ಲದ ಹುಂಡಿ ಕಾಣಿಕೆಗೆ ಪೂರ್ತಿ ಧಾರ್ಮಿಕ ಟ್ರಸ್ಟ್‌ನಲ್ಲಿ ವಿಶೇಷ ತೆರಿಗೆ ಇಲ್ಲ. ಅದೇ ಹೆಸರಿಲ್ಲದ ದೇಣಿಗೆ ಕೇವಲ ದಾನ ಸಂಸ್ಥೆಗೆ ಬಂದರೆ, ಒಂದು ಮಿತಿ ದಾಟಿದ ಮೊತ್ತಕ್ಕೆ ಶೇ. 30 ತೆರಿಗೆ ಇದೆ. ಖಾತೆ ಬೆರೆತರೆ ಎರಡೂ ಕಡೆ ತೊಂದರೆ. ಸವಾಲು ಕೂಗಿದವರ ಹೆಸರು, ವಿಳಾಸ ಅಂದೇ ಬರೆದಿಡಬೇಕು.

ಮಿಶ್ರ ಟ್ರಸ್ಟ್ ಆಗಿದ್ದರೆ ನಿಲಯದ ಪ್ರವೇಶ ಅರ್ಜಿ, ಔಷಧಾಲಯದ ರೋಗಿಗಳ ಪಟ್ಟಿ, ಗೋಶಾಲೆಯ ಮೇವಿನ ಬಿಲ್ಲು, ಕಾರ್ಯಕ್ರಮದ ಫೋಟೊ ಎಲ್ಲವನ್ನೂ ವರ್ಷವಾರು ಕಡತ ಮಾಡಿ ಇಡಬೇಕು. ಎರಡನೆಯ ಸುತ್ತಿನಲ್ಲಿ ಇವೇ ಮಾತಾಡುತ್ತವೆ.

ಆದಾಯ ತೆರಿಗೆ ಕಾಯ್ದೆ 2025 ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ ಇಂಥ ಸಂಸ್ಥೆಗಳನ್ನು ‘ನೋಂದಾಯಿತ ಲಾಭರಹಿತ ಸಂಸ್ಥೆ’ ಎಂದು ಕರೆದಿದ್ದಾರೆ. ಇಲ್ಲಿ ಕೊಟ್ಟಿರುವ ಸೆಕ್ಷನ್, ಫಾರಂ ಸಂಖ್ಯೆಗಳು 1961ರ ಕಾಯ್ದೆಯವು. ಹೊಸ ಸಂಖ್ಯೆಗಳನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಂಡೇ ಅರ್ಜಿ ಬರೆಯಬೇಕು. ಒಂದು ಅನುಕೂಲವೂ ಆಗಿದೆ. ಹಿಂದಿನ ಎರಡು ವರ್ಷಗಳಲ್ಲಿ ಪ್ರತಿ ವರ್ಷದ ಆದಾಯ, ವಿನಾಯಿತಿ ಕಳೆಯುವ ಮೊದಲು, 5 ಕೋಟಿ ರೂಪಾಯಿ ಮೀರದ ಸಂಸ್ಥೆಗಳಿಗೆ 2025ರ ಏಪ್ರಿಲ್ 1ರ ನಂತರದ ನವೀಕರಣ ಅರ್ಜಿಗಳಲ್ಲಿ 12ಎಬಿ ನೋಂದಣಿ ಹತ್ತು ವರ್ಷಕ್ಕೆ ಸಿಗುತ್ತದೆ. ಊರಿನ ಹೆಚ್ಚಿನ ಬಸದಿ ಟ್ರಸ್ಟ್‌ಗಳು ಈ ಮಿತಿಯೊಳಗೇ ಇರುತ್ತವೆ.

ಯಾವ ಆದೇಶವೂ ಬಂದಿಲ್ಲದ ಟ್ರಸ್ಟ್‌ನವರು ಈ ವಾರವೇ ಒಂದು ಕೆಲಸ ಮಾಡಬಹುದು. ಪೋರ್ಟಲ್‌ಗೆ ಹೋಗಿ, ಅಲ್ಲಿರುವ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆ ಈಗಿನ ಪದಾಧಿಕಾರಿಗಳದ್ದೇ ಎಂದು ನೋಡಬೇಕು. ಇಲ್ಲದಿದ್ದರೆ ಬದಲಾಯಿಸಿ, ವಾರಕ್ಕೊಮ್ಮೆ ತೆರೆದು ನೋಡುವ ಜವಾಬ್ದಾರಿಯನ್ನು ಸಭೆಯಲ್ಲಿ ಒಬ್ಬ ಯುವಕನಿಗೋ ಯುವತಿಗೋ ವಹಿಸಬೇಕು. ಇದಕ್ಕೆ ಬೇಕಾದದ್ದು ಹತ್ತು ನಿಮಿಷ.

ಜೈ ಜಿನೇಂದ್ರ.